ಜೋಳ ನೆನೆಸಿದ ನೀರು ಪೆನಿಸಿಲಿನ್ ಬೆಳೆಸಿದ ಬಗೆ: ಪಿಯೋರಿಯಾ, 1941

ಸಂಧಿವಾತ ಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟಾದ ಮಕ್ಕಳಿಗೆ ನಮ್ಮ ಆಸ್ಪತ್ರೆಗಳಲ್ಲಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದು ಸಲಕ್ಕೆ 12 ಲಕ್ಷ ಯೂನಿಟ್. 1940ರ ಹೊತ್ತಿಗೆ ಆಕ್ಸ್‌ಫರ್ಡಿನ ವಿಜ್ಞಾನಿಗಳು ಪೆನಿಸಿಲಿನ್ ಕೊಡುವ ಬೂಷ್ಟು ಬೆಳೆಸುತ್ತಿದ್ದ ದ್ರವದಲ್ಲಿ ಒಂದು ಮಿಲಿಲೀಟರಿಗೆ ಸಿಗುತ್ತಿದ್ದದ್ದು ಸುಮಾರು ಎರಡು ಯೂನಿಟ್. ಈ ಮಗುವಿನ ಒಂದೇ ಒಂದು ಚುಚ್ಚುಮದ್ದಿಗೆ ಅವರು 600 ಲೀಟರ್ ದ್ರವ ಬೆಳೆಸಬೇಕಾಗುತ್ತಿತ್ತು, ಅದೂ ಶುದ್ಧೀಕರಣದಲ್ಲಿ ಒಂದಿಷ್ಟೂ ನಷ್ಟವಾಗದಿದ್ದರೆ. ಇವತ್ತಿನ ಕಾರ್ಖಾನೆಯಲ್ಲಿ ಅಷ್ಟೇ ಔಷಧಿ ಇಪ್ಪತ್ತು ಮಿಲಿಲೀಟರಿಗೂ ಕಡಿಮೆ ದ್ರವದಲ್ಲಿ ಇರುತ್ತದೆ.

ಈ ದೂರವನ್ನು ಕ್ರಮಿಸಿದ್ದು ಹಲವರ ದುಡಿಮೆಯಿಂದ, ಹಲವು ಹಂತಗಳಲ್ಲಿ. ಅದರ ಮೊದಲ ದೊಡ್ಡ ಹೆಜ್ಜೆ ಮಾತ್ರ ಒಂದು ಆಹಾರ ಉದ್ಯಮದ ತ್ಯಾಜ್ಯದಿಂದ ಆಯಿತು: ಪಿಷ್ಟದ ಕಾರ್ಖಾನೆಯಲ್ಲಿ ಮೆಕ್ಕೆಜೋಳ ನೆನೆಸಿ ಬಸಿದ ನೀರು. ಆಹಾರ ತ್ಯಾಜ್ಯದಲ್ಲಿ ಸೂಕ್ಷ್ಮಜೀವಿಗಳನ್ನು ಅಗ್ಗವಾಗಿ ಬೆಳೆಸುವ ಮಾತು ಬಂದಾಗಲೆಲ್ಲ ನನಗೆ ಈ ಪ್ರಕರಣವನ್ನೇ ಬಿಡಿಸಿ ನೋಡಬೇಕು ಅನ್ನಿಸುತ್ತದೆ. ತ್ಯಾಜ್ಯ ಅಗ್ಗ, ಆದ್ದರಿಂದ ಅದನ್ನು ಬಳಸೋಣ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅಲ್ಲಿ ಆದದ್ದು ಅದಕ್ಕಿಂತ ದೊಡ್ಡದು.

ಆಕ್ಸ್‌ಫರ್ಡಿನ ಇಕ್ಕಟ್ಟು

ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ 1928ರಲ್ಲಿ ಪೆನಿಸಿಲಿಯಂ ಬೂಷ್ಟಿನ ಗುಣ ಕಂಡದ್ದು ಎಲ್ಲರಿಗೂ ಗೊತ್ತು. ಅದನ್ನು ಔಷಧಿಯಾಗಿಸುವ ಕೆಲಸಕ್ಕೆ ಕೈ ಹಾಕಿದವರು ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡಿನ ಹೊವಾರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್ ಮತ್ತು ನಾರ್ಮನ್ ಹೀಟ್ಲಿ. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಪ್ರಮಾಣದ ಸ್ಟ್ರೆಪ್ಟೊಕಾಕಸ್ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಔಷಧಿ ಸಿಗದ ನಾಲ್ಕೂ ಬೆಳಗಾಗುವುದರೊಳಗೆ ಸತ್ತವು.

ಔಷಧಿ ಕೆಲಸ ಮಾಡುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು. ಸಾಕಷ್ಟು ಔಷಧಿ ಮಾಡುವುದು ಹೇಗೆ ಎಂಬುದು ಹಾಗೇ ಉಳಿಯಿತು. ಈ ಬೂಷ್ಟು ದ್ರವದ ಮೇಲ್ಮೈಯಲ್ಲಿ ಕೆನೆಗಟ್ಟಿದಂತೆ ಬೆಳೆಯುತ್ತಿತ್ತು. ಹಾಗಾಗಿ ಅಗಲವಾದ, ಆಳವಿಲ್ಲದ ಪಾತ್ರೆಗಳು ನೂರಾರು ಬೇಕು. ಯುದ್ಧಕಾಲದ ಬ್ರಿಟನ್ನಿನಲ್ಲಿ ಏನೂ ಸಿಗದು. ಬಿಸ್ಕತ್ತಿನ ಡಬ್ಬ, ಹಾಲಿನ ಬಾಟಲಿ, ಆಸ್ಪತ್ರೆಯ ಬೆಡ್‌ಪ್ಯಾನ್ ಎಲ್ಲವನ್ನೂ ಹೀಟ್ಲಿ ಬಳಸಿ ನೋಡಿದರು. ಕೊನೆಗೆ ಬೆಡ್‌ಪ್ಯಾನಿನ ಮಾದರಿಯಲ್ಲೇ ಪಿಂಗಾಣಿಯ ಪಾತ್ರೆಗಳನ್ನು ಮಾಡಿಸಿದರು. ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿದ್ದ ಸಕ್ಕರೆ, ನೈಟ್ರೇಟ್, ಕೆಲವು ಲವಣಗಳ ಶುದ್ಧ ಮಾಧ್ಯಮದಲ್ಲಿ, ಅಂದರೆ ಸೂಕ್ಷ್ಮಜೀವಿಗೆ ಉಣಿಸುವ ದ್ರವದಲ್ಲಿ, ಬೂಷ್ಟು ಬೆಳೆಸುತ್ತಿದ್ದರು. ಯೀಸ್ಟಿನ ಸಾರ ಸೇರಿಸಿದಾಗ ಬೆಳೆಯುವ ಅವಧಿ ಕಡಿಮೆಯಾಯಿತು, ಇಳುವರಿ ಏರಲಿಲ್ಲ. ತೀವ್ರ ಸೋಂಕಿನ ಒಬ್ಬ ರೋಗಿಗೆ ಸಾಲುವಷ್ಟು ಔಷಧಿ ತೆಗೆಯಲು ಸುಮಾರು 2,000 ಲೀಟರ್ ದ್ರವ ಬೇಕಾಗುತ್ತಿತ್ತು.

1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಚಿಕಿತ್ಸೆ ಶುರುವಾಯಿತು. ಮುಖ, ಕಣ್ಣು, ಶ್ವಾಸಕೋಶಕ್ಕೆಲ್ಲ ಸೋಂಕು ಹಬ್ಬಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳತೊಡಗಿದ. ಅಷ್ಟರಲ್ಲಿ ಔಷಧಿ ಮುಗಿಯಿತು. ಆತನ ಮೂತ್ರವನ್ನು ಪ್ರಯೋಗಾಲಯಕ್ಕೆ ಒಯ್ದು, ಅದರಿಂದ ಪೆನಿಸಿಲಿನ್ ಮರಳಿ ತೆಗೆದು ಮತ್ತೆ ಚುಚ್ಚಿದರು. ಅದೂ ಸಾಲಲಿಲ್ಲ. ಮಾರ್ಚ್ 15ರಂದು ಆತ ತೀರಿಕೊಂಡ. ಔಷಧಿ ಗುಣಪಡಿಸುತ್ತಿತ್ತು, ಆದರೆ ಇರಲಿಲ್ಲ. ವೈದ್ಯಕೀಯ ಇತಿಹಾಸದಲ್ಲಿ ಇದಕ್ಕಿಂತ ಸಂಕಟದ ಪುಟಗಳು ಕಡಿಮೆ.

ಜೋಳದ ನಾಡಿನ ಪ್ರಯೋಗಾಲಯ

ಬ್ರಿಟನ್ನಿನ ಕಂಪನಿಗಳು ಯುದ್ಧದ ಕೆಲಸದಲ್ಲಿ ಮುಳುಗಿದ್ದವು. ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ಫ್ಲೋರಿ ಮತ್ತು ಹೀಟ್ಲಿ 1941ರ ಜುಲೈ ಆರಂಭದಲ್ಲಿ ಅಮೆರಿಕ ತಲುಪಿದರು. ಕೈಯಿಂದ ಕೈಗೆ ಪರಿಚಯ ಸಾಗಿ, ಜುಲೈ 14ಕ್ಕೆ ಅವರು ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿದ್ದರು.

ಇದು ವೈದ್ಯಕೀಯ ಸಂಸ್ಥೆಯಲ್ಲ. 1938ರ ಕೃಷಿ ಕಾಯ್ದೆಯಡಿ ಅಮೆರಿಕ ಸರಕಾರ ನಾಲ್ಕು ಪ್ರಾದೇಶಿಕ ಪ್ರಯೋಗಾಲಯಗಳನ್ನು ಕಟ್ಟಿತ್ತು. ರೈತರು ಬೆಳೆದು ಬೆಲೆ ಸಿಗದ ಹೆಚ್ಚುವರಿ ಬೆಳೆಗಳಿಗೂ ಅವುಗಳ ಉಪ ಉತ್ಪನ್ನಗಳಿಗೂ ಹೊಸ ಬಳಕೆ ಹುಡುಕುವುದು ಅವುಗಳ ಕೆಲಸ. ಪಿಯೋರಿಯಾ ಇದ್ದದ್ದು ಮೆಕ್ಕೆಜೋಳದ ಸೀಮೆಯ ನಡುಮಧ್ಯೆ. ಅಲ್ಲಿನ ಹುದುಗು ವಿಭಾಗದ ಮುಖ್ಯಸ್ಥ ರಾಬರ್ಟ್ ಕಾಗ್‌ಹಿಲ್. ಬೂಷ್ಟುಗಳ ಪೋಷಣೆ ಬಲ್ಲವರು ಆಂಡ್ರ್ಯೂ ಮೋಯರ್.

ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆಯಲ್ಲಿ ಮೊದಲು ಕಾಳನ್ನು ಸುಮಾರು 50 ಡಿಗ್ರಿ ಬಿಸಿಯ ನೀರಿನಲ್ಲಿ ಒಂದೂವರೆ ಎರಡು ದಿನ ನೆನೆಹಾಕುತ್ತಾರೆ. ಕೊಳೆಯದಿರಲೆಂದು, ಕಾಳಿನ ಪ್ರೋಟೀನ್ ಸಡಿಲವಾಗಲೆಂದು, ನೀರಿಗೆ ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಸೇರಿಸುತ್ತಾರೆ. ಆ ಬಿಸಿಯಲ್ಲಿಯೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬೆಳೆದು, ರಾತ್ರಿಯಿಡೀ ಇಟ್ಟ ಇಡ್ಲಿ ಹಿಟ್ಟಿನ ಹಾಗೆ ನೀರು ಹುಳಿಯಾಗುತ್ತದೆ. ಕಾಳಿನೊಳಗಿನ ಕರಗುವ ಪ್ರೋಟೀನ್, ಅಮೈನೊ ಆಮ್ಲ, ಬಿ ವಿಟಮಿನ್, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಈ ನೀರಿಗಿಳಿಯುತ್ತವೆ. ಹೊಳೆಗೆ ಬಿಟ್ಟರೆ ಹೊಳೆ ನಾರುತ್ತದೆ. ಅದಕ್ಕೇ ಆವಿಯಾಗಿಸಿ, ಅರ್ಧಕ್ಕರ್ಧ ಘನಾಂಶವಿರುವ ಕಂದು ಬಣ್ಣದ ಮಂದ ದ್ರವ ಮಾಡಿ ದನದ ಮೇವಿಗೆ ಬೆರೆಸುತ್ತಿದ್ದರು. ಕಾರ್ನ್ ಸ್ಟೀಪ್ ಲಿಕ್ಕರ್ ಎಂದರೆ ಇದೇ.

ಈ ದ್ರವಕ್ಕೊಂದು ಬಳಕೆ ಹುಡುಕುವುದು ಪಿಯೋರಿಯಾದ ಪ್ರಯೋಗಾಲಯದ ನಿತ್ಯದ ಕೆಲಸವೇ ಆಗಿತ್ತು. ಅಲ್ಲಿ ನಡೆಯುತ್ತಿದ್ದ ಹುದುಗು ಪ್ರಯೋಗಗಳಿಗೆ ಅದನ್ನು ಹಾಕಿ ನೋಡುವುದು ರೂಢಿ. ಹೀಗಾಗಿ ಮೋಯರ್ ಪೆನಿಸಿಲಿಯಂಗೂ ಹಾಕಿ ನೋಡಿದರು. ಇದನ್ನು ಅದೃಷ್ಟ ಎಂದು ಬರೆಯುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ರೈತನ ಬೆಳೆಯ ಉಳಿಕೆಯನ್ನು ಗಂಭೀರವಾಗಿ ಪರೀಕ್ಷಿಸುತ್ತ ಕೂತಿದ್ದ ಒಂದು ಸರಕಾರಿ ಸಂಸ್ಥೆ ಇದ್ದದ್ದರಿಂದಲೇ ಈ ದ್ರವ ಪೆನಿಸಿಲಿಯಂನ ಪಾತ್ರೆ ತಲುಪಿತು.

ಮೋಯರ್ ಇನ್ನೊಂದು ಬದಲಾವಣೆಯನ್ನೂ ಮಾಡಿದರು. ಸಾಮಾನ್ಯ ಸಕ್ಕರೆಯ ಜಾಗದಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಳಸಿದರು. ಚೀಸ್ ಮಾಡಿದ ಮೇಲೆ ಉಳಿಯುವ ನೀರಿನಿಂದ ತೆಗೆಯುವ ಸಕ್ಕರೆ ಇದು. ಅಂದರೆ ಇದರ ಮೂಲವೂ ಡೈರಿಯ ತ್ಯಾಜ್ಯ. ಹೀಟ್ಲಿಯೂ ಜೊತೆಗೂಡಿ ದುಡಿದು, 1941ರ ನವೆಂಬರ್ 26ರ ಹೊತ್ತಿಗೆ ಇಳುವರಿ ಹತ್ತು ಪಟ್ಟು ಏರಿತ್ತು. ಮುಂದೆ ಅದು ಮಿಲಿಲೀಟರಿಗೆ 40 ಯೂನಿಟ್ ಮುಟ್ಟಿತು. ಮೊದಲು ಹೇಳಿದ ಮಗುವಿನ ಚುಚ್ಚುಮದ್ದಿನ 600 ಲೀಟರ್ ಈಗ 30 ಲೀಟರಿಗೆ ಇಳಿಯಿತು.

ಆ ನೀರಿನಲ್ಲಿ ಇದ್ದದ್ದೇನು

ಶುದ್ಧ ಮಾಧ್ಯಮದಲ್ಲಿ ಬೂಷ್ಟಿಗೆ ಸಾರಜನಕ ಸಿಗುತ್ತಿದ್ದದ್ದು ನೈಟ್ರೇಟ್ ರೂಪದಲ್ಲಿ. ಅದನ್ನು ಅಮೈನೊ ಆಮ್ಲವಾಗಿಸಲು ಬೂಷ್ಟು ತಾನೇ ಶಕ್ತಿ ಸುರಿಯಬೇಕು. ಜೋಳದ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಮೊದಲೇ ಪ್ರೋಟೀನನ್ನು ಮುರಿದು ಅಮೈನೊ ಆಮ್ಲ, ಚಿಕ್ಕ ಪೆಪ್ಟೈಡುಗಳನ್ನು ಸಿದ್ಧಮಾಡಿಟ್ಟಿವೆ. ಅಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನು ಬೂಷ್ಟು ಮೊದಲು ತಿಂದು ಬೇಗ ಮೈ ಬೆಳೆಸುತ್ತದೆ. ಆಮ್ಲ ಖಾಲಿಯಾದಂತೆ ದ್ರವದ ಹುಳಿ ತಾನಾಗಿ ಇಳಿದು, ಪೆನಿಸಿಲಿನ್ ತಯಾರಿಗೆ ಹದವಾದ ಮಟ್ಟಕ್ಕೆ ಬರುತ್ತದೆ.

ಆಮೇಲೆ ಲ್ಯಾಕ್ಟೋಸಿನ ಸರದಿ. ಗ್ಲೂಕೋಸ್ ಹೇರಳವಾಗಿ ಸಿಕ್ಕರೆ ಬೂಷ್ಟು ಅದನ್ನು ಗಬಗಬನೆ ತಿಂದು ಬೆಳೆಯುತ್ತ ಹೋಗುತ್ತದೆ, ಪೆನಿಸಿಲಿನ್ ಮಾಡುವ ವ್ಯವಸ್ಥೆಯನ್ನು ಅದುಮಿಡುತ್ತದೆ. ಲ್ಯಾಕ್ಟೋಸನ್ನು ಮುರಿಯುವುದು ಅದಕ್ಕೆ ನಿಧಾನದ ಕೆಲಸ. ಬದುಕಿರಲು ಸಾಕು, ದಿಢೀರ್ ಬೆಳೆಯಲು ಸಾಲದು ಎನ್ನುವ ಆ ಸ್ಥಿತಿಯಲ್ಲೇ ಪೆನಿಸಿಲಿನ್ ಹೆಚ್ಚು ಒಸರುತ್ತದೆ. ಚೆನ್ನಾಗಿ ಬೆಳೆಯುವುದೂ ನಮಗೆ ಬೇಕಾದದ್ದನ್ನು ಕೊಡುವುದೂ ಬೇರೆ ಬೇರೆ ಎಂಬ ಈ ಸಂಗತಿಯನ್ನು ತ್ಯಾಜ್ಯದ ಮೇಲೆ ಕೆಲಸ ಮಾಡುವವರು ಗಮನಿಸಲೇಬೇಕು. ಎಷ್ಟೋ ವರದಿಗಳು ಜೀವರಾಶಿಯ ತೂಕ ತೋರಿಸಿ ನಿಂತುಬಿಡುತ್ತವೆ.

ಇನ್ನೂ ಅಚ್ಚರಿಯ ಸಂಗತಿ ಗೊತ್ತಾದದ್ದು ತಡವಾಗಿ. 1943ರಲ್ಲಿ ಎರಡೂ ದೇಶಗಳ ರಸಾಯನಶಾಸ್ತ್ರಜ್ಞರು ತಮ್ಮ ತಮ್ಮ ಪೆನಿಸಿಲಿನ್ನಿನ ವಿಶ್ಲೇಷಣೆ ಹೋಲಿಸಿದಾಗ ಲೆಕ್ಕ ಹೊಂದಲಿಲ್ಲ. ಬ್ರಿಟಿಷರ ಅಣುವೇ ಬೇರೆ, ಅಮೆರಿಕನ್ನರ ಅಣುವೇ ಬೇರೆ! ನಡುವಿನ ತಿರುಳು ಒಂದೇ. ಅದಕ್ಕೆ ಅಂಟಿದ ಬಾಲ ಬೇರೆ. ಆಕ್ಸ್‌ಫರ್ಡಿನ ಶುದ್ಧ ಮಾಧ್ಯಮದಲ್ಲಿ ಬಂದದ್ದು ಪೆನಿಸಿಲಿನ್ ಎಫ್. ಜೋಳದ ನೀರಿನಲ್ಲಿ ಫೀನೈಲ್ ಗುಂಪಿನ ಕೆಲವು ಸಂಯುಕ್ತಗಳಿದ್ದು, ಬೂಷ್ಟು ಅವನ್ನೆತ್ತಿ ಬಾಲವಾಗಿ ಜೋಡಿಸಿಕೊಂಡು ಪೆನಿಸಿಲಿನ್ ಜಿ ಮಾಡುತ್ತಿತ್ತು. ಇಂದಿಗೂ ನಾವು ಚುಚ್ಚಿಸಿಕೊಳ್ಳುವ ಬೆಂಜೈಲ್ ಪೆನಿಸಿಲಿನ್ ಇದೇ. ಈ ಗುಟ್ಟು ತಿಳಿದ ಮೇಲೆ ಫೀನೈಲ್ ಅಸೆಟಿಕ್ ಆಮ್ಲವನ್ನು ನೇರವಾಗಿಯೇ ಮಾಧ್ಯಮಕ್ಕೆ ಹಾಕುವ ಪದ್ಧತಿ ಬಂತು.

ಈ ಪ್ರಕರಣದ ತಿರುಳೇ ಇದು ಎಂದು ನನ್ನ ಅಭಿಪ್ರಾಯ. 1941ರಲ್ಲಿ ಯಾವ ವಿಜ್ಞಾನಿಯೂ ಈ ಸಂಯುಕ್ತಗಳನ್ನು ಬೇಕೆಂದು ಬರೆದು ತರಿಸಲಾರದವನಾಗಿದ್ದ, ಏಕೆಂದರೆ ಬೇಕಾದದ್ದು ಏನೆಂದೇ ಗೊತ್ತಿರಲಿಲ್ಲ. ಹುಳಿಬಂದ ಕೊಳೆನೀರು ಆ ಅಜ್ಞಾತ ವಸ್ತುವನ್ನು ಹೊತ್ತು ತಂದಿತು. ತ್ಯಾಜ್ಯವನ್ನು ಶುದ್ಧ ಮಾಧ್ಯಮದ ಬಡ ಬದಲಿ ಎಂದು ಕಾಣುವುದು ತಪ್ಪು. ಇಲ್ಲಿ ಅದು ಶುದ್ಧ ಮಾಧ್ಯಮಕ್ಕಿಂತ ಶ್ರೀಮಂತವಾಗಿತ್ತು.

ದುಡ್ಡು ಉಳಿದದ್ದು ಎಲ್ಲಿ

ಸಕ್ಕರೆ, ನೈಟ್ರೇಟ್ ಆಗಲೂ ದುಬಾರಿ ಪದಾರ್ಥಗಳಲ್ಲ. ಅವುಗಳ ಬದಲು ಜೋಳದ ನೀರು ಹಾಕಿದ್ದರಿಂದ ಮಾಧ್ಯಮದ ಖರ್ಚಿನಲ್ಲಿ ಉಳಿದದ್ದು ಪುಡಿಗಾಸು. ನಿಜವಾದ ಖರ್ಚು ಬೇರೆ ಕಡೆ ಇತ್ತು: ಪಾತ್ರೆ, ಕುದಿಸಲು ಉರುವಲು, ಜಾಗ, ಕೈಗಳು, ಎಲ್ಲಕ್ಕಿಂತ ಮಿಗಿಲಾಗಿ ಸಾವಿರಾರು ಲೀಟರ್ ತೆಳು ದ್ರವದಿಂದ ಕೆಲವೇ ಗ್ರಾಂ ಔಷಧಿಯನ್ನು ತಣ್ಣಗಿಟ್ಟು, ಆಮ್ಲಗೊಳಿಸಿ, ದ್ರಾವಕಕ್ಕೆ ಇಳಿಸಿ ತೆಗೆಯುವ ಕೆಲಸ. ಲೀಟರಿಗೆ ಇಳುವರಿ ಇಪ್ಪತ್ತು ಪಟ್ಟಾದಾಗ ಈ ಎಲ್ಲ ಖರ್ಚೂ ಒಟ್ಟಿಗೆ ಇಳಿಯಿತು. ಮಾಧ್ಯಮ ಅಗ್ಗವಾಗಿದ್ದೂ ಇಳುವರಿ ಅರ್ಧಕ್ಕಿಳಿದಿದ್ದರೆ ಪೆನಿಸಿಲಿನ್ ಇನ್ನಷ್ಟು ದುಬಾರಿಯಾಗುತ್ತಿತ್ತು.

ಅಮೆರಿಕದಲ್ಲಿ 1942ರ ಮಾರ್ಚಿನಲ್ಲಿ ಆನ್ ಮಿಲ್ಲರ್ ಎಂಬ ಮಹಿಳೆ ಪೆನಿಸಿಲಿನ್ನಿನಿಂದ ಬದುಕುಳಿದಾಗ, ಆಕೆಯೊಬ್ಬಳಿಗೇ ಇಡೀ ದೇಶದ ದಾಸ್ತಾನಿನ ಅರ್ಧದಷ್ಟು ಖರ್ಚಾಗಿತ್ತು. 1943ರಲ್ಲಿ ಅಮೆರಿಕದ ವರ್ಷದ ಉತ್ಪಾದನೆ ಸುಮಾರು 2,100 ಕೋಟಿ ಯೂನಿಟ್, 1945ರಲ್ಲಿ 6.8 ಲಕ್ಷ ಕೋಟಿ ಯೂನಿಟ್ ಮೀರಿತು.

ಇಷ್ಟೆಲ್ಲ ಜೋಳದ ನೀರಿನಿಂದಲೇ ಆಯಿತೆಂದರೆ ಉಳಿದವರಿಗೆ ಅನ್ಯಾಯ. ಆಳವಾದ ಟ್ಯಾಂಕಿನಲ್ಲಿ ಗಾಳಿಯೂದಿ ಬೆಳೆಸುವ ವಿಧಾನ ಬಂತು. ದ್ರವದೊಳಗೆ ಮುಳುಗಿ ಬೆಳೆಯಬಲ್ಲ ತಳಿಗಾಗಿ ಕೆನೆತ್ ರೇಪರ್ ನೇತೃತ್ವದಲ್ಲಿ ಹುಡುಕಾಟ ನಡೆದು, 1943ರಲ್ಲಿ ಪಿಯೋರಿಯಾದ ಹಣ್ಣಿನ ಮಾರುಕಟ್ಟೆಯ ಬೂಷ್ಟು ಹಿಡಿದ ಕರಬೂಜದ ಮೇಲೆ ಸಿಕ್ಕಿತು. ಆಮೇಲೆ ಎಕ್ಸ್-ಕಿರಣ, ನೇರಳಾತೀತ ಕಿರಣ ಹಾಯಿಸಿ ಆ ತಳಿಯನ್ನು ಇನ್ನೂ ಉತ್ತಮಪಡಿಸಿದರು. 1944ರ ಮಾರ್ಚಿನಲ್ಲಿ ಬ್ರೂಕ್ಲಿನ್ನಿನಲ್ಲಿ ಫೈಜರ್ ಕಂಪನಿ ದೊಡ್ಡ ಟ್ಯಾಂಕುಗಳ ಕಾರ್ಖಾನೆ ತೆರೆಯಿತು. ತಳಿ ಬದಲಾಯಿತು, ಪಾತ್ರೆ ಬದಲಾಯಿತು. ಜೋಳದ ನೀರು ಹಾಗೇ ಉಳಿದುಕೊಂಡಿತು.

ಹೆಸರು ಯಾರಿಗೆ ಸಿಕ್ಕಿತು ಎಂಬುದರಲ್ಲೂ ನೋವಿದೆ. ಮೋಯರ್, ಹೀಟ್ಲಿ ಇಬ್ಬರೂ ಸೇರಿ ಪ್ರಕಟಿಸಬೇಕಿದ್ದ ಫಲಿತಾಂಶ ಹೊರಬಂದಾಗ ಹೀಟ್ಲಿಯ ಹೆಸರು ಇರಲಿಲ್ಲ. ತಯಾರಿಕಾ ವಿಧಾನದ ಪೇಟೆಂಟ್ ಮೋಯರ್ ಹೆಸರಿಗಾಯಿತು. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ. ಹೀಟ್ಲಿಗೆ ಆಕ್ಸ್‌ಫರ್ಡ್ ಗೌರವ ವೈದ್ಯಕೀಯ ಡಾಕ್ಟರೇಟ್ ಕೊಟ್ಟದ್ದು 1990ರಲ್ಲಿ.

ನಮ್ಮ ಕಡೆಯ ತ್ಯಾಜ್ಯಕ್ಕೆ ಇದನ್ನು ಹಿಡಿದು ನೋಡಿದರೆ

ಭಾರತದಲ್ಲಿ ಪೆನಿಸಿಲಿನ್ ತಯಾರಿಕೆ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯೊಂದಿಗೆ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಉದ್ಯಮ ಅದು. ಕರ್ನಾಟಕವಂತೂ ದೇಶದಲ್ಲಿ ಮೆಕ್ಕೆಜೋಳ ಹೆಚ್ಚು ಬೆಳೆಯುವ ರಾಜ್ಯಗಳಲ್ಲೊಂದು. ದಾವಣಗೆರೆ, ಹಾವೇರಿ ಸೀಮೆಯ ಗೋವಿನಜೋಳ ಇಡೀ ದೇಶಕ್ಕೆ ಗೊತ್ತು. ಗೋಕಾಕ, ದಾವಣಗೆರೆ ಕಡೆ ಪಿಷ್ಟದ ಕಾರ್ಖಾನೆಗಳೂ ಇವೆ. ಪಿಯೋರಿಯಾದಲ್ಲಿ ಸಿಕ್ಕಂಥ ದ್ರವ ನಮ್ಮ ಮಗ್ಗುಲಲ್ಲೇ ಹುಟ್ಟುತ್ತಿದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ (ಸಿಎಫ್‌ಟಿಆರ್‌ಐ) ಗೋಧಿ ಬೂಸಾದ ಮೇಲೆ ಬೂಷ್ಟು ಬೆಳೆಸಿ ಕಿಣ್ವ ತೆಗೆಯುವ ಸಂಶೋಧನೆ ದಶಕಗಳ ಹಿಂದೆಯೇ ನಡೆದಿದೆ. ಕಾಕಂಬಿಯಲ್ಲಿ ಯೀಸ್ಟ್ ಬೆಳೆಸುವುದಂತೂ ಹಳೆಯ ವಿದ್ಯೆ.

ಕಾಲೇಜುಗಳ ಸೂಕ್ಷ್ಮಜೀವಶಾಸ್ತ್ರ ವಿಭಾಗಗಳಲ್ಲಿ ಈಗ ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಅನ್ನ ಬಸಿದ ಗಂಜಿ ಬಳಸಿ ಮಾಧ್ಯಮ ಮಾಡುವ ಪ್ರಾಜೆಕ್ಟುಗಳು ಸಾಕಷ್ಟು ನಡೆಯುತ್ತವೆ. ಹುಡುಗರ ಉತ್ಸಾಹ ನೋಡಿ ನನಗೆ ಸಂತೋಷ. ಪಿಯೋರಿಯಾದ ಪ್ರಕರಣವನ್ನು ಪಕ್ಕದಲ್ಲಿಟ್ಟುಕೊಂಡರೆ ಅವರ ಕೆಲಸ ಇನ್ನೂ ಗಟ್ಟಿಯಾದೀತು.

ಜೋಳದ ನೀರು ಒಂದೇ ಕಾಳಿನದು, ಒಂದೇ ಕ್ರಮದಲ್ಲಿ ನೆನೆದದ್ದು, ಒಂದೇ ಕಡೆ ಟನ್ನುಗಟ್ಟಲೆ ಸಿಗುವಂಥದ್ದು. ಹಾಗಿದ್ದೂ ಒಂದು ಸಲದ ಸರಕಿನಂತೆ ಇನ್ನೊಂದು ಸಲದ್ದು ಇರುವುದಿಲ್ಲವೆಂದು ಕಾರ್ಖಾನೆಗಳು ಪ್ರತಿ ಸರಕನ್ನೂ ಪರೀಕ್ಷಿಸಿಯೇ ಬಳಸುತ್ತವೆ. ಹಾಸ್ಟೆಲ್ಲಿನ ಊಟದ ಉಳಿಕೆ ಹಾಗಲ್ಲ. ಸೋಮವಾರದ್ದು ಸಾಂಬಾರು, ಮಂಗಳವಾರದ್ದು ಪಲಾವು. ಅದರಲ್ಲಿ ಉಪ್ಪಿದೆ, ಎಣ್ಣೆಯಿದೆ, ಲವಂಗ ಚಕ್ಕೆ ಬೆಳ್ಳುಳ್ಳಿಯಂಥ, ಸೂಕ್ಷ್ಮಜೀವಿಗಳನ್ನೇ ತಡೆಯುವ ಪದಾರ್ಥಗಳಿವೆ. ಬೇಯಿಸುವ ಮೊದಲೇ ಬೇರೆಯಾಗುವ ಉಳಿಕೆ ವಾಸಿ: ಆಲೂಗಡ್ಡೆ ಸಿಪ್ಪೆ, ಅಕ್ಕಿ ತೊಳೆದ ಅಕ್ಕಚ್ಚು, ಪನೀರಿನ ನೀರು, ತೌಡು, ಎಣ್ಣೆಗಾಣದ ಶೇಂಗಾ ಹಿಂಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ಹಣ್ಣಿನ ಸಿಪ್ಪೆ ರಾಶಿರಾಶಿ ಸಿಗುತ್ತದೆ, ಆದರೆ ಕೆಫೀನ್ ಮತ್ತು ಪಾಲಿಫಿನಾಲುಗಳು ಎಷ್ಟೋ ಜೀವಿಗಳಿಗೆ ಅಡ್ಡಿ. ಕರಾವಳಿಯ ಗೇರುಹಣ್ಣಿನಲ್ಲಿರುವ ಟ್ಯಾನಿನ್ನಿನದೂ ಇದೇ ತೊಡಕು. ಶೇಂಗಾ ಹಿಂಡಿ, ಮೆಕ್ಕೆಜೋಳಗಳಿಗೆ ಮುಗ್ಗು ಹಿಡಿದಿದ್ದರೆ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು. ಅಂಥದ್ದರಲ್ಲಿ ಬೆಳೆಸಿದ್ದನ್ನು ದನದ ಮೇವಿಗಾಗಲಿ ಆಹಾರಕ್ಕಾಗಲಿ ಬಳಸಬಾರದು.

ಶಿಲೀಂಧ್ರಗಳಿಗೆ ರೂಢಿಯಲ್ಲಿರುವ ಆಲೂಗಡ್ಡೆ ಮಾಧ್ಯಮದ ಅಳತೆ ಲೀಟರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿದ ತಿಳಿ, 20 ಗ್ರಾಂ ಡೆಕ್ಸ್‌ಟ್ರೋಸ್ (ಗ್ಲೂಕೋಸ್), ಅದನ್ನು ಗಟ್ಟಿಯಾಗಿಸಲು 15ರಿಂದ 20 ಗ್ರಾಂ ಅಗರ್. ಸಿಪ್ಪೆಯ ಮಾಧ್ಯಮ ಮಾಡುವವರು ಇದನ್ನು ಪಕ್ಕದಲ್ಲಿ ಬೆಳೆಸಿ ಹೋಲಿಸಲೇಬೇಕು. ಇಲ್ಲಿ ಅಗರ್ ಬೆಲೆಯನ್ನು ಮರೆಯುವವರೇ ಹೆಚ್ಚು. ಪ್ಲೇಟಿನ ಮಾಧ್ಯಮದಲ್ಲಿ ಜಾಸ್ತಿ ದುಡ್ಡು ತಿನ್ನುವುದು ಅಗರ್. ಸಿಪ್ಪೆ ಬಳಸಿ ಡೆಕ್ಸ್‌ಟ್ರೋಸ್ ಉಳಿಸಿದರೂ ಅಗರ್ ಹಾಗೇ ಇದ್ದರೆ ಖರ್ಚು ಹೆಚ್ಚೇನೂ ಇಳಿಯದು. ದ್ರವದಲ್ಲಿ ಇಲ್ಲವೇ ತೌಡು, ಬೂಸಾದ ಮೇಲೆ ನೇರವಾಗಿ ಬೆಳೆಸಿದಾಗ ತ್ಯಾಜ್ಯದ ಲಾಭ ನಿಜವಾಗಿ ಕಾಣುತ್ತದೆ.

ಯಾವ ತ್ಯಾಜ್ಯವಾದರೂ 121 ಡಿಗ್ರಿಯಲ್ಲಿ 15 ಪೌಂಡ್ ಒತ್ತಡದಲ್ಲಿ ಆಟೋಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ ಅದರೊಳಗಿನ ಜೀವಿಗಳನ್ನು ಕೊಲ್ಲಬೇಕು. ತೆಳು ದ್ರವಕ್ಕೆ 15ರಿಂದ 20 ನಿಮಿಷ ಸಾಕು. ತೌಡಿನಂಥ ಗಟ್ಟಿ ಪದಾರ್ಥದೊಳಗೆ ಬಿಸಿ ನಿಧಾನವಾಗಿ ಇಳಿಯುವುದರಿಂದ ಹೆಚ್ಚು ಹೊತ್ತು ಬೇಕು. ಕೆಲಸ ಮುಗಿದ ಮೇಲೆ ಬೆಳೆಸಿದ್ದೆಲ್ಲವನ್ನೂ ಮತ್ತೊಮ್ಮೆ ಹಾಗೇ ಬೇಯಿಸಿಯೇ ಚೆಲ್ಲಬೇಕು. ಕೊಳೆತ ಆಹಾರದ ಮೇಲೆ ಏನು ಬೆಳೆಯುತ್ತದೋ ನೋಡೋಣ ಎಂದು ಮನೆಯ ಅಡುಗೆಮನೆಯಲ್ಲಿ ಮಾಡುವ ಪ್ರಯೋಗ ಅಪಾಯಕಾರಿ.

ವರದಿಯಲ್ಲಿ ನಾನು ಮೊದಲು ಹುಡುಕುವ ಅಂಕಿಗಳು ಮೂರು: ಲೀಟರಿಗೆ ಬೇಕಾದ ಉತ್ಪನ್ನ ಎಷ್ಟು ಬಂತು, ಅದನ್ನು ಬೇರ್ಪಡಿಸಲು ಎಷ್ಟು ಖರ್ಚಾಯಿತು, ಮತ್ತು ಬೇರೆ ದಿನ ಬೇರೆ ಕಡೆಯಿಂದ ತಂದ ಅದೇ ತ್ಯಾಜ್ಯದಲ್ಲಿ ಫಲಿತಾಂಶ ಎಷ್ಟು ಏರುಪೇರಾಯಿತು. ಇದರ ಜೊತೆಗೆ, ತ್ಯಾಜ್ಯವನ್ನು ಈಗ ಯಾರು ಒಯ್ಯುತ್ತಿದ್ದಾರೆ ಎಂಬುದನ್ನೂ ಬರೆದಿಡಬೇಕು. ಅಕ್ಕಚ್ಚು, ತೌಡು, ಹಿಂಡಿ ನಮ್ಮ ಊರುಗಳಲ್ಲಿ ಬಿಟ್ಟಿ ಬಿದ್ದಿರುವುದಿಲ್ಲ, ದನದ ಕೊಟ್ಟಿಗೆಗೆ ಹೋಗುತ್ತಿರುತ್ತದೆ. ಜೋಳದ ನೀರೂ ಪೆನಿಸಿಲಿನ್ನಿನ ಮಾಧ್ಯಮವಾದ ಮೇಲೆ ತ್ಯಾಜ್ಯವಾಗಿ ಉಳಿಯದೆ ಬೆಲೆ ಕಟ್ಟಿ ಮಾರುವ ಸರಕಾಯಿತು. ಪ್ರಯೋಗ ಗೆದ್ದ ದಿನವೇ ಬಿಟ್ಟಿಯ ಲೆಕ್ಕ ಮುಗಿಯುತ್ತದೆ; ಆದ್ದರಿಂದ ಯೋಜನೆಯ ಖರ್ಚಿನ ಪಟ್ಟಿಯಲ್ಲಿ ತ್ಯಾಜ್ಯದ ಮುಂದೆ ಸೊನ್ನೆಯ ಬದಲು ದನ ಸಾಕುವವರು ಅದಕ್ಕೆ ಈಗ ಕೊಡುತ್ತಿರುವ ಬೆಲೆಯನ್ನು ಬರೆದು ಲೆಕ್ಕ ಹಾಕಬೇಕು.